ಅಪ್‌ಡೇಟ್: ಬಾಲ್ಸಾ ಗ್ಲೈಡರ್‌ಗೆ ಯಾವ ಅಂಟು ಅಂತ ಕೇಳಿದ್ದೆನಲ್ಲ

ಹೋದ ತಿಂಗಳು ಕೇಳಿದ್ದೆ. ಬಾಲ್ಸಾ ಅನ್ನುವ ಹಗುರ ಮರದಲ್ಲಿ ಮಾಡಿದ, 1 ಮೀಟರ್ ರೆಕ್ಕೆಯ ಗ್ಲೈಡರ್ (ಎಂಜಿನ್ ಇಲ್ಲದ ಮಾದರಿ ವಿಮಾನ), ಪೂರ್ತಿ ಸೂಪರ್ ಗ್ಲೂನಲ್ಲೇ ಅಂಟಿಸಿದ್ದು, ಎರಡನೇ ಸಲ ಇಳಿಯುವಾಗಲೇ ರೆಕ್ಕೆಯ ನಡುವಿನ ಜಾಯಿಂಟ್ ಬಿಟ್ಟುಕೊಂಡಿತ್ತು. ಕೈಕೊಟ್ಟಿದ್ದು ಮರ ಅಲ್ಲ, ಅಂಟು ಅಂತ ನೀವು ಹೇಳಿದ್ದೇ ಸರಿ. ಮುರಿದ ಜಾಗದಲ್ಲಿ ಮರ ಹರಿದೇ ಇರಲಿಲ್ಲ, ಅಂಟು ಮಾತ್ರ ಗಾಜಿನ ಹಾಗೆ ಒಡೆದಿತ್ತು. ಜೋಡಣೆಯಲ್ಲಿ ಸಂದಿ ಇತ್ತು, ತೆಳು ಸೂಪರ್ ಗ್ಲೂ ಸಂದಿ ತುಂಬುವುದಿಲ್ಲ, ಮರದೊಳಗೆ ಇಂಗಿಹೋಗುತ್ತದೆ ಅಲ್ವಾ.

ಈ ಸಲ ರಿಬ್ (ರೆಕ್ಕೆಗೆ ಆಕಾರ ಕೊಡುವ ಅಡ್ಡ ಪಟ್ಟಿ), ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಕಡ್ಡಿ) ಎಲ್ಲಕ್ಕೂ ಮರಗೆಲಸದ ಬಿಳಿ ಅಂಟು. ಪ್ಲಾನ್ (ಗ್ಲೈಡರ್‌ನ ನಕ್ಷೆ) ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಗುಂಡುಪಿನ್ ಚುಚ್ಚಿ, ರಾತ್ರಿಯಿಡೀ ಒಣಗಲು ಬಿಟ್ಟೆ. ಕಡ್ಡಿಯ ಕತ್ತರಿಸಿದ ತುದಿ ಅಂಟನ್ನು ಕುಡಿದುಬಿಡುತ್ತದೆ, ಅದಕ್ಕೆ ಮೊದಲು ತೆಳ್ಳಗೆ ಸವರಿ ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ ಕೂಡಿಸಿ ಅಂತ ಒಬ್ಬರು ಹೇಳಿದ್ದರಲ್ಲ, ಆ ಸಲಹೆಗೆ ದೊಡ್ಡ ಥ್ಯಾಂಕ್ಸ್. ಆದರೆ ಬಿಳಿ ಅಂಟನ್ನು ಉಜ್ಜುಕಾಗದದಲ್ಲಿ ಉಜ್ಜಿದರೆ ರಬ್ಬರಿನ ಹಾಗೆ ಎಳೆಯುತ್ತದೆ. ಹೊರಮೈಯಲ್ಲಿ ಕಾಣುವ ಜಾಯಿಂಟ್‌ಗಳಿಗೆ ಹಳದಿ ಅಲಿಫ್ಯಾಟಿಕ್ ಅಂಟೇ (ಇದೂ ಮರಗೆಲಸದ್ದೇ, ಒಣಗಿದ ಮೇಲೆ ಸುಲಭವಾಗಿ ಉಜ್ಜಬಹುದು) ಒಳ್ಳೆಯದು.

ರೆಕ್ಕೆಯ ನಡುವಿಗೆ ಪ್ಲೈವುಡ್ ಪಟ್ಟಿ ಇಟ್ಟು 30 ನಿಮಿಷದಲ್ಲಿ ಬಿಗಿಯುವ ಎಪಾಕ್ಸಿ (ಎರಡು ದ್ರವ ಬೆರೆಸಿ ಹಚ್ಚುವ ಅಂಟು) ಹಾಕಿದೆ. 5 ನಿಮಿಷದ್ದು ಬೇಡ, ಎರಡೂ ಕಡೆಯ ಕೋನ ನೋಡಿ ಸರಿಮಾಡುವಷ್ಟರಲ್ಲಿ ಬಿಗಿಯುತ್ತದೆ. ಎಪಾಕ್ಸಿ ತೂಕ ಜಾಸ್ತಿ, ಹೊರಗೆ ಬಂದಿದ್ದನ್ನು ಒರೆಸಿಬಿಡಿ.

ಸೂಪರ್ ಗ್ಲೂ ಈಗ ಮೈದಾನದಲ್ಲಿ ರಿಪೇರಿಗೆ ಮಾತ್ರ. ಮನೆಯೊಳಗಾದರೆ ಕಿಟಕಿ ತೆಗೆದಿಡಿ, ಹೊಗೆ ಕಣ್ಣು ಉರಿಸುತ್ತದೆ.

ಭಾನುವಾರ 11 ಸಲ ಹಾರಿಸಿದೆ. ಒಂದು ಸಲ ರೆಕ್ಕೆಯ ತುದಿ ನೆಲಕ್ಕೆ ಬಡಿದು ಒಂದು ರಿಬ್ ಮುರಿಯಿತು. ಮುರಿದಿದ್ದು ಮರ, ಅಂಟಿದ ಜಾಗ ಹಾಗೇ ಇದೆ!