ಪದಚರ್ಚೆ: ‘ಕಲರ್ ಚೇಂಜ್ ಎರರ್’ಗೆ ‘ಬಣ್ಣ ಬದಲಾವಣೆ’ ಅಂದರೆ ಸಾಕಾ?

ಗೆಳೆಯರೇ,

ಕಂಪ್ಯೂಟರ್ ಕಸೂತಿ ಯಂತ್ರ ನಡೆಸುವವರಿಗಾಗಿ ಕನ್ನಡದಲ್ಲಿ ಒಂದು ರಿಪೇರಿ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಬಣ್ಣದ ದಾರದಿಂದ ಇನ್ನೊಂದಕ್ಕೆ ಹೋಗುವಾಗ ಆಗುವ ತೊಂದರೆ, ಅಂದರೆ ‘ಕಲರ್ ಚೇಂಜ್ ಎರರ್’ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ. ಮೊದಲು ‘ಬಣ್ಣ ಬದಲಾವಣೆಯ ದೋಷ’ ಎಂದು ಬರೆದೆ. ಓದಿದವರೊಬ್ಬರು ‘ಒಗೆದ ಮೇಲೆ ದಾರ ಬಣ್ಣ ಬಿಡುತ್ತಾ?’ ಎಂದು ಕೇಳಿದರು. ತಪ್ಪು ಅವರದಲ್ಲ. ಬಟ್ಟೆಯ ಮಾತಿನಲ್ಲಿ ‘ಬಣ್ಣ ಬದಲಾಗಿದೆ’ ಅಂದರೆ ಮಾಸಿದೆ ಅಂತಲೇ ಅಲ್ವಾ?

ಎಷ್ಟೋ ಸಲ ಯಂತ್ರಕ್ಕೆ ಬಣ್ಣವೇ ಗೊತ್ತಿರುವುದಿಲ್ಲ. ಕಸೂತಿಯ ವಿನ್ಯಾಸವನ್ನು ಯಂತ್ರಕ್ಕೆ ಕೊಡಲು ಜಾಸ್ತಿ ಬಳಕೆಯಲ್ಲಿರುವ ಡಿಎಸ್‌ಟಿ ಫೈಲ್‌ನಲ್ಲಿ ದಾರದ ಬಣ್ಣದ ವಿವರ ಇಲ್ಲ. ‘ಇಲ್ಲಿಗೆ ನಿಲ್ಲಿಸು, ಮುಂದಿನ ಬಣ್ಣ’ ಎಂಬ ಸೂಚನೆ ಅಷ್ಟೇ ಇರುತ್ತದೆ. ಅದು ಎಷ್ಟನೇ ಸೂಜಿ ಎಂದು ಪ್ಯಾನೆಲ್‌ನಲ್ಲಿ ತುಂಬುವವರು ನಾವು. ಆ ಸೂಚನೆ ಬಂದಾಗ 12 ಅಥವಾ 15 ಸೂಜಿಗಳ ಹೆಡ್ ಪಕ್ಕಕ್ಕೆ ಜರುಗಿ, ಬೇಕಾದ ಸೂಜಿಯನ್ನು ಕೆಳಗಿನ ಪ್ಲೇಟಿನ ತೂತಿನ ನೇರಕ್ಕೆ ತರುತ್ತದೆ. ಒಂದೇ ಸೂಜಿಯ ಯಂತ್ರವಾದರೆ ಸುಮ್ನೆ ನಿಲ್ಲುತ್ತದೆ, ದಾರ ಬದಲಿಸುವುದು ನಮ್ಮ ಕೈ.

ಹಾಗಾಗಿ ‘ಕಲರ್ ಸರಿಯಾಗಿ ಚೇಂಜ್ ಆಗ್ತಿಲ್ಲ’ ಅನ್ನುವ ದೂರಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಹೆಡ್ ಸಲೀಸಾಗಿ ಜರುಗಿದೆ, ಆದರೆ ಕೆಂಪು ಬರಬೇಕಾದ ಕಡೆ ಹಸಿರು ಬಂದಿದೆ. ಇದು ಬರೀ ಸರದಿಯ ತಪ್ಪು: ಸೂಜಿಯ ಅಂಕಿ ತಪ್ಪಿದೆ, ಇಲ್ಲವೇ ದಾರವನ್ನು ಬೇರೆ ಸೂಜಿಗೆ ಪೋಣಿಸಿದೆ. ಇದಕ್ಕೆ ‘ಸರದಿ ತಪ್ಪು’ ಎಂದು ಬರೆದುಕೊಂಡಿದ್ದೇನೆ, ಚೆನ್ನಾಗಿಯೇ ಕೂತಿದೆ.

ಕಷ್ಟ ಇರುವುದು ಇನ್ನೊಂದರಲ್ಲಿ. ಹೆಡ್ ಜರುಗುವುದೇ ಇಲ್ಲ, ಅಥವಾ ಎರಡು ಸೂಜಿಗಳ ನಡುವೆ ನಿಂತುಬಿಡುತ್ತದೆ. ಸೂಜಿಯನ್ನು ಮೇಲೆ ಕೆಳಗೆ ಆಡಿಸುವ ಮುಖ್ಯ ಶಾಫ್ಟ್ ತಿರುಗಿ ತನ್ನ ನಿಲುಗಡೆಗೆ ಬಂದಿರದಿದ್ದರೆ (ತುಂಬಾ ಯಂತ್ರಗಳಲ್ಲಿ ಅದು 100 ಡಿಗ್ರಿ ಕೋನ) ಯಂತ್ರ ಹೆಡ್ಡನ್ನು ಅಲುಗಿಸಲು ಬಿಡುವುದಿಲ್ಲ. ಸೂಜಿ ಪೂರ್ತಿ ಮೇಲೆ ಬಂದಿರಲಿಕ್ಕಿಲ್ಲ, ದಾರ ಕೆಳಗೆ ಸಿಕ್ಕಿಕೊಂಡಿರಬಹುದು, ಹೆಡ್ ಜರುಗುವ ಹಳಿಯಲ್ಲಿ ಜಿಡ್ಡು ಕೂತಿರಬಹುದು. ಎಷ್ಟನೇ ಸೂಜಿ ಎಂದು ಹೇಳುವ ಸೆನ್ಸರ್ ತಪ್ಪು ಹೇಳುತ್ತಿದ್ದರೂ ಹೀಗೇ. ಕರೆಂಟ್ ಆಫ್ ಮಾಡಿ, ಹೆಡ್ಡನ್ನು ಕೈಯಲ್ಲೇ ಜರುಗಿಸುವ ಗುಬುಟನ್ನು (ಕಲರ್ ಚೇಂಜ್ ನಾಬ್) ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ಎಲ್ಲೋ ಸಿಕ್ಕಿಕೊಂಡಿದೆ. ಹಗುರವಾಗಿದ್ದರೆ ಮೋಟಾರು, ವೈರು, ಸೆನ್ಸರ್ ಕಡೆ ನೋಡಬೇಕು.

ಈ ತೊಂದರೆಯ ಹೆಸರೇನು? ‘ಸೂಜಿ ಬದಲಾಗಿಲ್ಲ’ ಎಂದರೆ ಮುರಿದ ಸೂಜಿ ತೆಗೆದು ಹೊಸದು ಹಾಕಿಲ್ಲ ಅಂದುಕೊಳ್ಳುತ್ತಾರೆ. ‘ಸೂಜಿ ಸರಿದಿಲ್ಲ’ ಎಂದು ಬರೆದರೆ ಅವಸರದಲ್ಲಿ ‘ಸೂಜಿ ಸರಿಯಿಲ್ಲ’ ಎಂದು ಓದಿಕೊಂಡು ಒಳ್ಳೆಯ ಸೂಜಿಯನ್ನೇ ಬಿಸಾಡುತ್ತಾರೆ. ಕೈಪಿಡಿಯಲ್ಲಿ ಇಂಥ ಗೊಂದಲ ಇರಲೇಬಾರದು ಅನ್ನುವುದು ನನ್ನ ಹಟ. ಅದಕ್ಕೇ ‘ಹೆಡ್ ಜರುಗಿಲ್ಲ’ ಎಂಬುದರ ಕಡೆ ಮನಸ್ಸು ವಾಲಿದೆ. ‘ಜರುಗು’ಗೆ ನಡೆಯುವುದು ಎಂಬ ಅರ್ಥವೂ ಇದೆ, ನಿಜ. ಆದರೆ ಹೆಡ್ ವಿಷಯದಲ್ಲಿ ಯಾರೂ ಹಾಗೆ ತಿಳಿಯಲಾರರು.

ಎರಡು ಸೂಜಿಗಳ ನಡುವೆ ನಿಲ್ಲುವುದಕ್ಕೆ ಮಾತ್ರ ನನಗೆ ಒಳ್ಳೆಯ ಮಾತು ಸಿಕ್ಕಿಲ್ಲ. ‘ಅರೆಜರುಗು’ ಬಾಯಿಗೆ ಒಗ್ಗುವುದಿಲ್ಲ. ಯಂತ್ರದ ಮುಂದೆ ದಿನವೂ ನಿಲ್ಲುವವರು ಇದಕ್ಕೆ ಏನೆನ್ನುತ್ತೀರಿ? ನೀವು ಆಡುವ ಮಾತನ್ನು ಹಾಗೇ ಬರೆದು ತಿಳಿಸಿ.