ನಲವತ್ತು ದಾಟಿದ ಮೇಲೆ ಕೂಸು: ಕಾರ್ಲ್‌ಸನ್ ದಂಪತಿಯ ಕಂತು ಮತ್ತು ನಮ್ಮ ಮನೆಯ ಪ್ರಶ್ನೆ

ಸಪ್ತಾಪುರ ನಿವಾಸಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ‘ಡಬ್ಲ್ಯೂಕೆಆರ್‌ಪಿ ಇನ್ ಸಿನ್ಸಿನಾಟಿ’ ಎಂಬ ಅಮೆರಿಕದ ಹಾಸ್ಯ ಧಾರಾವಾಹಿಯನ್ನು ಇಲ್ಲಿ ಕೆಲವರಾದರೂ ನೋಡಿರಬಹುದು. 1978ರಿಂದ 1982ರವರೆಗೆ ಸಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ಈ ಧಾರಾವಾಹಿ ಪೂರ್ತಿಯಾಗಿ ಒಂದು ಬಾನುಲಿ ಕೇಂದ್ರದ ಕಚೇರಿಯನ್ನು ಕುರಿತದ್ದು. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿಯನ್ನು ಬೆಳಿಗ್ಗೆ ಎದ್ದ ಕೂಡಲೇ ಹಚ್ಚುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಅದು ಬೇಗ ಹಿಡಿಸಿತು.

1979ರಲ್ಲಿ ಬಂದ ಎರಡನೆಯ ಸೀಸನ್ನಿನ ಒಂದು ಕಂತಿನಲ್ಲಿ ಕೇಂದ್ರದ ವ್ಯವಸ್ಥಾಪಕ ಆರ್ಥರ್ ಕಾರ್ಲ್‌ಸನ್‌ನ ಹೆಂಡತಿ ಕಾರ್ಮೆನ್ ಬಸಿರಾಗುತ್ತಾಳೆ. ಇಬ್ಬರದೂ ನಡುವಯಸ್ಸು ಮೀರುತ್ತಿರುವ ಕಾಲ, ಮಗ ಆಗಲೇ ಸೈನಿಕ ಶಾಲೆಯಲ್ಲಿ ಓದುತ್ತಿದ್ದಾನೆ. ಈ ವಯಸ್ಸಿನಲ್ಲಿ ಕೂಸು ಬೇಕೇ ಎಂಬುದನ್ನು ಅವರು ಕೂತು ಯೋಚಿಸಬೇಕಾಗುತ್ತದೆ. ಮೊದಲ ಸಲ ನೋಡಿದಾಗ ನಕ್ಕಿದ್ದೆ. ಕಳೆದ ವಾರ ಮತ್ತೆ ನೋಡಿದಾಗ ನಗು ಬರಲಿಲ್ಲ, ಏಕೆಂದರೆ ನನಗೆ ಈಗ 46 ವರ್ಷ, ನಮ್ಮ ಮನೆಯವರಿಗೆ 41, ಒಬ್ಬಳೇ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ, ಮತ್ತು ಒಂಬತ್ತು ವಾರವಾಗಿದೆ ಎಂದು ವೈದ್ಯರು ತಿಳಿಸಿದ್ದಾರೆ.

‘ನಿನಗೆ ಹೇಗನ್ನಿಸುತ್ತದೆ’ ಎಂದು ಕೇಳಿದರೆ ಅವಳು ‘ನಿಮ್ಮ ಇಷ್ಟ’ ಎನ್ನುತ್ತಾಳೆ. ನಾನೂ ‘ನಿನ್ನ ಇಷ್ಟ’ ಎನ್ನುತ್ತೇನೆ. ಹತ್ತು ದಿನಗಳಿಂದ ಮಾತು ಇಲ್ಲಿಯೇ ನಿಂತಿದೆ. ಕಂತನ್ನು ನೋಡಿದವರಿಗೆ ಅದು ನಿಜವೆನಿಸಿತೋ ಅಥವಾ ಧಾರಾವಾಹಿಯ ಅನುಕೂಲಕ್ಕೆ ಹೆಣೆದದ್ದೆನಿಸಿತೋ ಎಂಬುದು ನನ್ನ ಮೊದಲ ಪ್ರಶ್ನೆ. ಎರಡನೆಯದು, ಮಗಳಿಗೂ ಕಚೇರಿಯವರಿಗೂ ಇದನ್ನು ಯಾವಾಗ, ಹೇಗೆ ಹೇಳಬೇಕು ಎಂಬುದು.

ಬೆಟಗೇರಿಯ ಓದುಗ, ಗದಗ

ಅಣ್ಣನವರೇ, ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಎರಡನೆಯದಕ್ಕೆ ನನಗಿಂತ ತಿಳಿದವರು ಇಲ್ಲಿದ್ದಾರೆ.

ಈ ಕಂತಿನ ಬೆಲೆ ತಿಳಿಯಬೇಕಾದರೆ ಅದಕ್ಕಿಂತ ಏಳು ವರ್ಷ ಮೊದಲು ಅದೇ ಸಿಬಿಎಸ್‌ನಲ್ಲಿ ಬಂದ ‘ಮಾಡ್’ ಧಾರಾವಾಹಿಯನ್ನು ನೆನೆಯಬೇಕು. 1972ರ ನವೆಂಬರ್‌ನಲ್ಲಿ, ಎರಡು ಭಾಗಗಳಲ್ಲಿ, 47 ವರ್ಷದ ಮಾಡ್ ತಾನು ಬಸಿರೆಂದು ತಿಳಿದು, ಗಂಡನೊಂದಿಗೆ ಮಾತನಾಡಿ, ಗರ್ಭಪಾತವನ್ನು ಆರಿಸಿಕೊಳ್ಳುತ್ತಾಳೆ. ಕಥೆ ನಡೆಯುವ ನ್ಯೂಯಾರ್ಕ್ ರಾಜ್ಯದಲ್ಲಿ ಅದು 1970ರಿಂದಲೇ ಕಾನೂನುಬದ್ಧವಾಗಿತ್ತು, ದೇಶಕ್ಕೆಲ್ಲ ಅನ್ವಯಿಸುವ ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 1973ರ ಜನವರಿಯಲ್ಲಿ. ನಮ್ಮ ದೇಶದ ಗರ್ಭಪಾತ ಕಾಯ್ದೆ 1971ರದು ಎಂಬುದನ್ನೂ ಇಲ್ಲಿ ನೆನೆಯಬಹುದು. ಹೀಗಾಗಿ ಕಾರ್ಲ್‌ಸನ್ ದಂಪತಿಯ ಮುಂದೆ ಎರಡೂ ದಾರಿಗಳು ನಿಜವಾಗಿಯೇ ತೆರೆದಿದ್ದವು, ಮತ್ತು ಆ ಕಾಲದ ಪ್ರೇಕ್ಷಕರಿಗೂ ಅದು ಗೊತ್ತಿತ್ತು. ದಾರಿ ಒಂದೇ ಇದ್ದಿದ್ದರೆ ಯೋಚಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ನನಗೆ ಅದು ನಿಜವೆನಿಸಿದ್ದು ಕಾರ್ಲ್‌ಸನ್‌ನ ಸ್ವಭಾವದಿಂದ. ಕೇಂದ್ರದ ಒಡತಿ ಅವನ ತಾಯಿ, ಅವಳ ಮುಂದೆ ಅವನ ಬಾಯಿ ಕಟ್ಟುತ್ತದೆ. ಸ್ವಂತ ಬುದ್ಧಿಯಿಂದ ಒಂದು ಕೆಲಸ ಮಾಡಹೋಗಿ, ಹಾರುತ್ತವೆಂದು ನಂಬಿ ಜೀವಂತ ಟರ್ಕಿ ಕೋಳಿಗಳನ್ನು ಹೆಲಿಕಾಪ್ಟರ್‌ನಿಂದ ಬಿಡಿಸಿದ ಮನುಷ್ಯ. ಕಚೇರಿಯಲ್ಲಿ ಯಾವ ತೀರ್ಮಾನವನ್ನೂ ನೆಟ್ಟಗೆ ತೆಗೆದುಕೊಳ್ಳದವನು, ಯಾರಿಗೂ ದಾಟಿಸಲಾಗದ ಒಂದು ತೀರ್ಮಾನದ ಮುಂದೆ ಬಂದು ನಿಲ್ಲುತ್ತಾನೆ. ಆ ಪಾತ್ರ ಮಾಡಿದ ಗಾರ್ಡನ್ ಜಂಪ್ 1932ರಲ್ಲಿ ಹುಟ್ಟಿದವರು, ಅಂದರೆ ಆಗ ಅವರಿಗೂ 47. ಆ ಮುಖದ ಮೇಲಿನ ಗಾಬರಿ ಬಣ್ಣ ಹಚ್ಚಿಕೊಂಡು ಬಂದದ್ದೆಂದು ನನಗೆ ಎಂದೂ ಅನ್ನಿಸಿಲ್ಲ. ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ತಾಯಿಯ ಸಂಸ್ಥೆಯಲ್ಲಿ ಕೆಲಸ ಮಾಡುವ ಕಾರ್ಲ್‌ಸನ್‌ಗೆ ನಿವೃತ್ತಿಯ ಚಿಂತೆ ಇಲ್ಲ, ನಮ್ಮಂಥ ಸಂಬಳದವರಿಗೆ ಮೊದಲು ಕಾಡುವುದು ಅದೇ.

ಹೆರಿಗೆ ವೈದ್ಯೆ, ಹುಬ್ಬಳ್ಳಿ

ಮನೆಯವರನ್ನು ಪರೀಕ್ಷಿಸದೆ ಅವರ ಬಗ್ಗೆ ಏನನ್ನೂ ಹೇಳಲಾರೆ, ಸಾಮಾನ್ಯವಾಗಿ ತಿಳಿದಿರಬೇಕಾದುದನ್ನು ಬರೆಯುತ್ತೇನೆ. ಡೌನ್ ಸಿಂಡ್ರೋಮ್ (ವರ್ಣತಂತುವಿನ ವ್ಯತ್ಯಾಸದಿಂದ ಬೆಳವಣಿಗೆ ನಿಧಾನವಾಗುವ ಸ್ಥಿತಿ) ಇರುವ ಮಗು ಹುಟ್ಟುವ ಸಂಭವ ತಾಯಿಗೆ 25 ವರ್ಷವಿದ್ದಾಗ ಸುಮಾರು 1,250ಕ್ಕೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಈ ಏರಿಕೆ ದೊಡ್ಡದು, ಅದನ್ನು ಮುಚ್ಚಿಡಬಾರದು. ಆದರೆ 40ರಲ್ಲಿಯೂ ನೂರರಲ್ಲಿ 99 ತಾಯಂದಿರ ಕೂಸಿಗೆ ಆ ತೊಂದರೆ ಇರುವುದಿಲ್ಲ ಎಂಬುದನ್ನು ಹೆದರಿ ಬಂದವರಿಗೆ ನಾನು ಪ್ರತಿ ಸಲವೂ ಹೇಳುತ್ತೇನೆ.

ನಿಮಗೆ ಈಗ ಮುಖ್ಯವಾದದ್ದು ವಾರಗಳ ಲೆಕ್ಕ. ಕೂಸಿನ ಕುತ್ತಿಗೆಯ ಹಿಂಭಾಗದ ದ್ರವವನ್ನು ಅಳೆಯುವ ಎನ್‌ಟಿ ಸ್ಕ್ಯಾನ್ 11ನೆಯ ವಾರದಿಂದ 13 ವಾರ 6 ದಿನಗಳೊಳಗೆ ಮಾತ್ರ ಆಗಬೇಕು, ಅದರೊಂದಿಗೆ ಡಬಲ್ ಮಾರ್ಕರ್ ರಕ್ತಪರೀಕ್ಷೆ ಇರುತ್ತದೆ. ತಾಯಿಯ ರಕ್ತದಿಂದಲೇ ಮಾಡುವ ಎನ್‌ಐಪಿಟಿ ಪರೀಕ್ಷೆಯನ್ನು 10 ವಾರ ತುಂಬಿದ ಮೇಲೆ ಮಾಡಿಸಬಹುದು, ಅದಕ್ಕೆ ಖರ್ಚು ಹೆಚ್ಚು. ಇವೆಲ್ಲ ಸಂಭವವನ್ನು ಅಂದಾಜಿಸುವ ಪರೀಕ್ಷೆಗಳು, ಖಚಿತಪಡಿಸುವಂಥವಲ್ಲ. ವಯಸ್ಸಿನೊಂದಿಗೆ ಬಿಪಿ ಮತ್ತು ಬಸಿರಿನ ಸಕ್ಕರೆ ಕಾಯಿಲೆಯ ಸಂಭವವೂ ಹೆಚ್ಚುವುದರಿಂದ, 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಯನ್ನು ಈಗ ಒಮ್ಮೆ, 24ರಿಂದ 28ನೆಯ ವಾರದಲ್ಲಿ ಇನ್ನೊಮ್ಮೆ ಮಾಡಿಸಿರಿ. ಫೋಲಿಕ್ ಆಸಿಡ್ ಮಾತ್ರೆ ಇನ್ನೂ ಆರಂಭವಾಗಿರದಿದ್ದರೆ ಇಂದೇ ವೈದ್ಯರನ್ನು ಕೇಳಿರಿ.

ಇನ್ನೊಂದು ಮಾತು. ಬೇಡವೆಂಬ ತೀರ್ಮಾನವಾದರೆ ವಯಸ್ಕ ಹೆಣ್ಣುಮಗಳೊಬ್ಬಳ ಒಪ್ಪಿಗೆಯೇ ಕಾನೂನಿಗೆ ಸಾಕು, ಗಂಡನ ಸಹಿ ಬೇಕಾಗಿಲ್ಲ. ಹಾಗಿರುವಾಗ ಅವರು ‘ನಿಮ್ಮ ಇಷ್ಟ’ ಎನ್ನುವುದನ್ನು ಒಪ್ಪಿಗೆ ಎಂದು ತಿಳಿಯಬೇಡಿರಿ. ನನ್ನ ಕೋಣೆಯಲ್ಲಿ ಆ ಮಾತನ್ನು ಆಡಿದ ಅನೇಕ ಹೆಣ್ಣುಮಕ್ಕಳು, ಗಂಡನನ್ನು ಹೊರಗೆ ಕೂರಿಸಿದ ಮೇಲೆ ಬೇರೆಯದನ್ನೇ ಹೇಳಿದ್ದಾರೆ.

ಕಡೆಯ ಮಗಳು, ಹಾವೇರಿ

ಅಣ್ಣಾ, ನಾನು ಹುಟ್ಟಿದಾಗ ನಮ್ಮ ಅಪ್ಪನಿಗೆ 48, ಅವ್ವನಿಗೆ 43. ಅಕ್ಕನಿಗೆ ಆಗ ವರ ನೋಡುತ್ತಿದ್ದರು. ನಮ್ಮ ಅಜ್ಜಿಯ ಕಾಲದಲ್ಲಿ ತಾಯಿ ಮಗಳು ಒಂದೇ ಮನೆಯಲ್ಲಿ ಒಂದೇ ಹೊತ್ತಿಗೆ ಬಾಣಂತಿಯರಾಗುವುದು, ಅಳಿಯನಿಗಿಂತ ಸೋದರಮಾವನೇ ಸಣ್ಣವನಿರುವುದು ಯಾರಿಗೂ ವಿಶೇಷವಾಗಿರಲಿಲ್ಲ. ಅವ್ವನ ಕಾಲಕ್ಕೆ ಅದು ನಾಚಿಕೆಯ ವಿಷಯವಾಗಿತ್ತು. ಏಳು ತಿಂಗಳವರೆಗೆ ಅವಳು ಸೆರಗಿನಲ್ಲಿ ಹೊಟ್ಟೆಯನ್ನು ಮುಚ್ಚಿಕೊಂಡು ಓಡಾಡಿದಳಂತೆ, ತವರಿನವರು ಕುಬಸ ಮಾಡುತ್ತೇವೆಂದು ಬಂದರೆ ಬೇಡವೆಂದು ಅವರನ್ನು ಮರಳಿ ಕಳಿಸಿದಳಂತೆ. ಅಕ್ಕನಿಗೆ ವಿಷಯ ತಿಳಿದದ್ದು ಓಣಿಯ ಹೆಂಗಸೊಬ್ಬಳ ಬಾಯಿಂದ. ಅದಕ್ಕಾಗಿ ಅವಳು ಅವ್ವನನ್ನು ಬಹಳ ವರ್ಷ ಕ್ಷಮಿಸಲಿಲ್ಲ, ಆದರೆ ನನ್ನನ್ನು ಎತ್ತಿ ಬೆಳೆಸಿದವಳೂ ಅವಳೇ. ಆದ್ದರಿಂದ ನಿಮ್ಮ ಮಗಳಿಗೆ ಮೊದಲು ನೀವೇ ಹೇಳಿರಿ, ಸಂಬಂಧಿಕರಿಗಿಂತ ಮೊದಲು, ಪರೀಕ್ಷೆ ಮುಗಿಯಲೆಂದು ಕಾಯದೆ.

ಗದಗಿನ ಅಣ್ಣನವರು ನಿವೃತ್ತಿಯ ಮಾತೆತ್ತಿದ್ದು ಸರಿಯಾಗಿದೆ. ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 58 ಇದ್ದ ಕಾಲವದು, ಅಪ್ಪ ನಿವೃತ್ತರಾದಾಗ ನಾನು ಐದನೆಯ ತರಗತಿಯಲ್ಲಿದ್ದೆ. ಮುಂದಿನ ಫೀಸನ್ನೆಲ್ಲ ಕಟ್ಟಿದವನು ನನ್ನ ಅಣ್ಣ. ನೀವು ಸರ್ಕಾರಿ ನೌಕರರಾಗಿದ್ದರೆ 60ಕ್ಕೆ ನಿವೃತ್ತರಾಗುವಾಗ ಈ ಕೂಸಿಗೆ 13 ವರ್ಷ. ಆ ಹಣವನ್ನು ಇಂದಿನಿಂದಲೇ ಬೇರೆ ತೆಗೆದಿಡಿರಿ, ಮಗಳ ಹೆಗಲ ಮೇಲೆ ಹಾಕಬೇಡಿರಿ. ಕೂಸು ಬೇಕೆಂದು ನಿಮ್ಮಿಬ್ಬರ ಮನಸ್ಸೂ ಹೇಳಿದರೆ, ನಿಮ್ಮ ಮನೆಯವರ ಕುಬಸವನ್ನು ಮಾತ್ರ ತಪ್ಪಿಸಬೇಡಿರಿ. ನಾಲ್ಕು ಮಂದಿಯ ಎದುರು ಹಸಿರು ಬಳೆ ಇಟ್ಟುಕೊಂಡು ಕೂರುವ ಸಂತೋಷವನ್ನು ನನ್ನ ಸಲುವಾಗಿ ಅವ್ವ ಬಿಟ್ಟುಕೊಟ್ಟಳಲ್ಲ ಎಂಬ ನೋವು ನನಗೆ ಈಗಲೂ ಇದೆ.

ಸಪ್ತಾಪುರ ನಿವಾಸಿ, ಧಾರವಾಡ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ವೈದ್ಯರ ಮಾತನ್ನು ಓದಿದ ರಾತ್ರಿ ಅವಳನ್ನು ಏನನ್ನೂ ಕೇಳದೆ ನನ್ನ ಮನಸ್ಸಿನಲ್ಲಿದ್ದದ್ದನ್ನೇ ಮೊದಲು ಹೇಳಿದೆ. ಕೂಸು ಬೇಕೆನಿಸುತ್ತದೆ, ಆದರೆ 60ರ ನಂತರದ ದಿನಗಳನ್ನು ನೆನೆದರೆ ಹೆದರಿಕೆಯಾಗುತ್ತದೆ ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ತನಗೂ ಬೇಕು, ಆದರೆ ಮಗಳು ಮುಖ ತಿರುಗಿಸಿಕೊಂಡಾಳೆಂಬ ಹೆದರಿಕೆ ತನ್ನದು ಎಂದಳು. ಎನ್‌ಟಿ ಸ್ಕ್ಯಾನ್‌ಗೆ 12ನೆಯ ವಾರದ ದಿನ ಗೊತ್ತುಮಾಡಿದ್ದೇವೆ. ಕಚೇರಿಗೆ ಹೇಳುವುದು ಅದಾದ ಮೇಲೆ. ಮಗಳಿಗೆ ಈ ಭಾನುವಾರ, ಅವಳ ಟ್ಯೂಷನ್ ಇಲ್ಲದ ಹೊತ್ತಿನಲ್ಲಿ, ಇಬ್ಬರೂ ಕೂತು ಹೇಳಲಿದ್ದೇವೆ.