ಬಾಲ್‌ಪೆನ್ ಅಂಡರ್‌ಟೇಕರ್

ಆಯುಧಪೂಜೆಗೆ ಅಂತ ಅಟ್ಟ ಗುಡಿಸುವಾಗ ಸೀನನಿಗೆ ಒಂದು ಹಳೇ ಬಿಸ್ಕತ್ ಡಬ್ಬ ಸಿಕ್ಕಿತು. ಒಳಗೆ ನಾಲ್ಕು ಗೋಲಿ, ಮೊಳೆ ಕಿತ್ತುಹೋದ ಒಂದು ಬುಗುರಿ, ಮತ್ತೆ ರಬ್ಬರ್‌ಬ್ಯಾಂಡ್ ಕರಗಿ ಅಂಟಿಕೊಂಡಿದ್ದ ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡು. ಭಾನುವಾರ ಬೆಳಗ್ಗೆ ಗಾಂಧಿ ಬಜಾರಿನ ದರ್ಶಿನಿಗೆ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡು ಬಂದ. ಸೀನ, ಕಿಟ್ಟಿ, ಗುಂಡ, ನಾನು. ಎಲ್ಲರಿಗೂ ನಲವತ್ತು ದಾಟಿದೆ, ಇಬ್ಬರಿಗೆ ಶುಗರ್. ಸ್ಟೀಲ್ ಟೇಬಲ್ ಮೇಲೆ ಕಾರ್ಡು ಹರಡಿದ್ದೇ ತಡ, ಬೈಟು ಕಾಫಿ ತಣ್ಣಗಾಯಿತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಡಬ್ಲ್ಯುಡಬ್ಲ್ಯುಎಫ್ ಅಂದರೆ ಸೋಲು ಗೆಲುವು ಮೊದಲೇ ತೀರ್ಮಾನ ಆಗಿರುತ್ತಿದ್ದ ಅಮೆರಿಕದ ಟಿವಿ ಕುಸ್ತಿ. ಒಂದು ಕಾರ್ಡಿಗೆ ಒಬ್ಬ ಪೈಲ್ವಾನ್. ಫೋಟೋ ಕೆಳಗೆ ಎತ್ತರ, ತೂಕ, ಎದೆ, ಬೈಸೆಪ್ಸ್, ಆಡಿದ ಫೈಟು, ಗೆದ್ದ ಫೈಟು. ಯಾರ ನಂಬರು ದೊಡ್ಡದೋ ಅವರಿಗೆ ಎದುರಿನವನ ಕಾರ್ಡು. ಲೆಕ್ಕದಲ್ಲಿ ಮೂವತ್ತೈದು ತೆಗೆಯಲು ಒದ್ದಾಡುತ್ತಿದ್ದ ಗುಂಡನಿಗೆ ಯೊಕೊಜುನಾ ತೂಕ ಮಾತ್ರ ಬಾಯಿಪಾಠ. ಜಪಾನಿನ ಸುಮೋ ಅಂತ ನಾವು ನಂಬಿದ್ದ ಆ ಯೊಕೊಜುನಾ ಕೂಡ ಜಪಾನಿನವನಲ್ಲ, ಸಮೋವಾ ಮೂಲದ ಅಮೆರಿಕದವನು. ಇರಲಿ ಬಿಡಿ.

"ಲೇ, ಇದೇನೋ ಇದು?" ಅಂದ ಸೀನ.

ಅಂಡರ್‌ಟೇಕರ್ ಕಾರ್ಡು. ನಂಬರುಗಳೆಲ್ಲ ಕಪ್ಪು ಬಣ್ಣದಲ್ಲಿ ಪ್ರಿಂಟ್ ಆಗಿದ್ದವು. 'ಗೆದ್ದ ಫೈಟು' ಅನ್ನೋ ಸಾಲಿನಲ್ಲಿ ಮಾತ್ರ ಮೊದಲನೇ ಅಂಕಿ ನೀಲಿ. ಯಾರೋ ಬಾಲ್‌ಪೆನ್ನಿನಲ್ಲಿ ಮುಂದೆ ಒಂದು '1' ಸೇರಿಸಿದ್ದರು. ಎಷ್ಟು ಒತ್ತಿ ಬರೆದಿದ್ದರೆಂದರೆ ಕಾರ್ಡಿನ ಹಿಂದೆ ಬೆರಳಾಡಿಸಿದರೆ ಗೆರೆ ಕೈಗೆ ಸಿಗುತ್ತಿತ್ತು. ತಿದ್ದಿದವರು ಪಕ್ಕದ ಸಾಲು ಮರೆತಿದ್ದರು. ಹಾಗಾಗಿ ಅಂಡರ್‌ಟೇಕರ್ ಆಡಿದ ಫೈಟಿಗಿಂತ ಗೆದ್ದ ಫೈಟೇ ಜಾಸ್ತಿ.

ಎಲ್ಲರೂ ಕಿಟ್ಟಿ ಕಡೆ ನೋಡಿದೆವು. ಕಿಟ್ಟಿ ಈಗ ಆಡಿಟರ್. ಬೇರೆಯವರ ಲೆಕ್ಕದಲ್ಲಿ ತಪ್ಪು ಹುಡುಕೋದೇ ಅವನ ಹೊಟ್ಟೆಪಾಡು.

"ನಾಚಿಕೆ ಆಗಲ್ವಾ? ರೆಸಲ್‌ಮೇನಿಯಾದಲ್ಲಿ ಇಪ್ಪತ್ತೊಂದು ಸಲ ಆಡಿ ಇಪ್ಪತ್ತೊಂದೂ ಗೆದ್ದವನಿಗೆ ನಿನ್ನ ಬಾಲ್‌ಪೆನ್ ಸಹಾಯ ಬೇಕಿತ್ತಾ?" ಸೀನ ಕೆಂಪಗಾದ. ರೆಸಲ್‌ಮೇನಿಯಾ ಅಂದರೆ ವರ್ಷಕ್ಕೊಮ್ಮೆ ನಡೆಯುವ ಅವರ ದೊಡ್ಡ ಜಾತ್ರೆ. 2014ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಾಕ್ ಲೆಸ್ನರ್ ಆ ಲೆಕ್ಕ ಮುರಿದಾಗ ಇವನು ಆಫೀಸಿಗೆ ಹೊಟ್ಟೆನೋವು ಅಂತ ರಜಾ ಹಾಕಿದ್ದ.

ಕಿಟ್ಟಿ ಜಗ್ಗಲಿಲ್ಲ. "ಸುಮ್ನಿರೋ. ನಂಬರಿಗೆ ಗಾಳಿ ಹೊಡೆಯೋದನ್ನ ನನಗೆ ಕಲಿಸಿದ್ದೇ ಆ ಡಬ್ಲ್ಯುಡಬ್ಲ್ಯುಎಫ್‌ನವರು. 1987, ರೆಸಲ್‌ಮೇನಿಯಾ 3. ಹಲ್ಕ್ ಹೋಗನ್, ಆಂದ್ರೆ ದಿ ಜೈಂಟ್. ಆಂದ್ರೆ ಅಂದ್ರೆ ಸುಮ್ನೇನಾ? ಏಳಡಿ ನಾಲ್ಕಿಂಚು, 520 ಪೌಂಡು ಅಂತ ಕೂಗಿದರು."

"ಸುಮಾರು 236 ಕೆಜಿ," ಅಂದ ಗುಂಡ. ಹೇಳಿದೆನಲ್ಲ, ಬಾಯಿಪಾಠ. "ತುಂಬಿದ ಗ್ಯಾಸ್ ಸಿಲಿಂಡರ್ ಎಂಟು. ಅಷ್ಟನ್ನೂ ಒಟ್ಟಿಗೆ ಎತ್ತಿ ಒಗೆದ ಹೋಗನ್. ನಮ್ಮನೇಲಿ ಒಂದನ್ನ ಉರುಳಿಸೋಕೇ ನನಗೆ ಸೊಂಟ ಹಿಡಿಯುತ್ತೆ."

"ತೂಕ ಬಿಡು. ಜನ ಎಷ್ಟು ಅಂತ ಹೇಳಿದರು? 93,173. ಕೊನೇ ಮೂರು ಕೂಡ ಬಿಡದೆ ಎಣಿಸಿದ ಹಾಗೆ! ಆಮೇಲೆ ಲೆಕ್ಕ ತೆಗೆದವರು 78 ಸಾವಿರ ಅಂದರು. ಅವರು ಮಾಡಿದರೆ ಬಿಸಿನೆಸ್ಸು, ನಾನು ಒಂದೇ ಒಂದು ಅಂಕಿ ಸೇರಿಸಿದರೆ ಮೋಸಾನಾ?"

ವಾದ ಅಂದರೆ ಇದು. ಇಂಥವನನ್ನು ಯಾರಾದರೂ ಆಡಿಟರ್ ಮಾಡುತ್ತಾರಾ?

"ಹಾಗಾದರೆ ನಿನ್ನದು ಡೂಪ್ಲಿಕೇಟ್ ಅಂಡರ್‌ಟೇಕರ್," ಅಂದೆ ನಾನು. ಹಾಗೆ ನೋಡಿದರೆ ನಿಜವಾದ ಡೂಪ್ಲಿಕೇಟ್ ಒಬ್ಬನಿದ್ದ. 1994ರಲ್ಲಿ ಸಮ್ಮರ್‌ಸ್ಲ್ಯಾಮ್ ಅನ್ನೋ ಅವರ ಇನ್ನೊಂದು ಶೋನಲ್ಲಿ ಅಂಡರ್‌ಟೇಕರ್ ಎದುರು ಅಂಡರ್‌ಟೇಕರ್‌ನನ್ನೇ ನಿಲ್ಲಿಸಿದರು. ಎರಡನೆಯವನು ಬ್ರಯಾನ್ ಲೀ. ಎರಡು ವರ್ಷ ಆದಮೇಲೆ ಅಕ್ಷಯ್ ಕುಮಾರ್ ಸಿನಿಮಾದಲ್ಲಿ ಅಂಡರ್‌ಟೇಕರ್ ಆಗಿ ಬಂದು ಒದೆ ತಿಂದವನೂ ಅವನೇ. ಅಸಲಿ ಅಂತಲೇ ನಂಬಿ, ಅಕ್ಷಯ್ ಕುಮಾರ್ ಅಮೆರಿಕಕ್ಕೆ ಹೋದರೆ ಬೆಲ್ಟು ಗ್ಯಾರಂಟಿ ಅಂತ ಸೀನ ಇಡೀ ಕ್ಲಾಸಿಗೆ ಸಾರಿದ್ದ.

ಗುಂಡ ಇಷ್ಟು ಹೊತ್ತು ತನ್ನ ಎಡಗೈ ತಿರುವಿ ನೋಡಿಕೊಳ್ಳುತ್ತಿದ್ದ. "ನಂಬರು ಸುಳ್ಳು ಇರಬಹುದು. ಬೀಳೋದು ಸುಳ್ಳಲ್ಲ ಕಣ್ರೋ," ಅಂದ.

ಆ ಮಾತಿಗೆ ಯಾರೂ ಎದುರಾಡಲಿಲ್ಲ. 1998ರ ಜೂನ್ 28, ಪಿಟ್ಸ್‌ಬರ್ಗ್. ರಿಂಗಿನ ಸುತ್ತ ನಿಲ್ಲಿಸಿದ್ದ ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಅಂಡರ್‌ಟೇಕರ್ ಮ್ಯಾನ್‌ಕೈಂಡ್‌ನನ್ನು ಎಸೆದ. ಕಾಮೆಂಟರಿ ಟೇಬಲ್ ಪುಡಿ ಪುಡಿ. ಸ್ಟ್ರೆಚರ್ ಬಂತು. ಮಹಾರಾಯ ಅದರಿಂದ ಎದ್ದು ಮತ್ತೆ ಪಂಜರ ಹತ್ತಿದ! ಈ ಸಲ ಮೇಲಿನ ಜಾಲರಿಯೇ ಕಿತ್ತುಬಂದು ರಿಂಗಿನೊಳಗೆ ಬಿದ್ದ. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಹಿಂದೆಯೇ ಕುರ್ಚಿಯೂ ಬಂದು ಮುಖಕ್ಕೆ ಬಡಿಯಿತು. ಹಲ್ಲು ಮುರಿದು ಮೂಗಿನ ಹೊಳ್ಳೆಯಲ್ಲಿ ಸಿಕ್ಕಿಕೊಂಡಿತ್ತು. ಮ್ಯಾನ್‌ಕೈಂಡ್ ವೇಷದ ಮಿಕ್ ಫೋಲಿ ಆ ಬಾಯಲ್ಲೇ ನಕ್ಕ.

ಅದನ್ನು ನೋಡಿದ ಮೇಲೆ ನಮ್ಮ ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಸಜ್ಜದ ಮೇಲೆ ಗುಂಡ ಹತ್ತಿ ನಿಂತ. ಕೆಳಗೆ ಮರಳು ರಾಶಿ. ಹಿಂದಿನ ದಿನವೆಲ್ಲ ನಾವು ಅದರಲ್ಲೇ ಹೊರಳಾಡಿದ್ದೆವು. ಸೀನ ಕಾಮೆಂಟರಿ ಶುರು ಮಾಡಿದ. ನಾನು ಹಿಂದಿನಿಂದ ತಳ್ಳಬೇಕು, ಅಷ್ಟೇ ನನ್ನ ಕೆಲಸ. ತಳ್ಳಿದೆ. ರಾತ್ರಿ ಲಾರಿ ಬಂದು ಆ ಜಾಗದಲ್ಲಿ ಜಲ್ಲಿ ಸುರಿದು ಹೋಗಿದ್ದನ್ನು ಯಾರೂ ಗಮನಿಸಿರಲಿಲ್ಲ. ಗುಂಡನಿಗೆ ಆರು ವಾರ ಪುತ್ತೂರು ಕಟ್ಟು. ಹಚ್ಚಿದ ಮೊಟ್ಟೆಯ ವಾಸನೆಗೆ ಅವರಮ್ಮ ಅವನನ್ನು ಅಡುಗೆಮನೆ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಅವನು ಮಾತ್ರ ಸ್ಕೂಲಿಗೆ ಗೆದ್ದವನ ಹಾಗೆ ಬಂದ.

"ಏನ್ರಪ್ಪಾ, ಇದೆಲ್ಲ ಕುಸ್ತೀನಾ?"

ಪಕ್ಕದ ಟೇಬಲ್ಲಿನ ಹಿರಿಯರು. ಖಾರಾಬಾತ್ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಕಿವಿ ಎರಡೂ ಜಜ್ಜಿ ಮುದುಡಿದ ಹಾಗಿದ್ದವು. ಗರಡಿ ಮಣ್ಣಿನಲ್ಲಿ ವರ್ಷಗಟ್ಟಲೆ ಉಜ್ಜಿದವರ ಗುರುತು ಅದು. ಗುಂಡ ತಟ್ಟನೆ ನೆಟ್ಟಗೆ ನಿಂತ.

"ಗಾಮಾ ಪೈಲ್ವಾನ್ ಹೆಸರು ಕೇಳಿದ್ದೀರಾ? 1910ರಲ್ಲಿ ಲಂಡನ್ನಿಗೆ ಹೋಗಿದ್ದರು. ಎದುರಿಗೆ ಪೋಲೆಂಡಿನ ಜ್ಬಿಸ್ಕೋ. ಅವನು ಏನು ಮಾಡಿದ ಗೊತ್ತಾ? ಬೋರಲು ಮಲಗಿಬಿಟ್ಟ. ಎರಡೂವರೆ ಗಂಟೆ! ಎತ್ತಿದರೂ ಏಳಲಿಲ್ಲ, ತಿರುವಿದರೂ ತಿರುಗಲಿಲ್ಲ."

"ಅಂದರೆ ಹೊಟ್ಟೆ ಮಣ್ಣಾದರೂ ಬೆನ್ನು ಮಣ್ಣಾಗಲಿಲ್ಲ," ಅಂದ ಕಿಟ್ಟಿ.

ಹಿರಿಯರು ನಕ್ಕರು. "ಮುಂದಿನ ವಾರ ಮತ್ತೆ ಆಡಬೇಕಿತ್ತು. ಬರಲೇ ಇಲ್ಲ ಆಸಾಮಿ. ಹದಿನೆಂಟು ವರ್ಷ ಆದಮೇಲೆ ಪಟಿಯಾಲದಲ್ಲಿ ಸಿಕ್ಕ. ಗಾಮಾ ಒಂದು ನಿಮಿಷ ಕೂಡ ತಗೊಳ್ಳಲಿಲ್ಲ." ಛತ್ರಿ ತಗೊಂಡು ಹೊರಟೇಬಿಟ್ಟರು.

ಎರಡೂವರೆ ಗಂಟೆ ಒಬ್ಬ ಮಲಗಿರೋದನ್ನು ನೋಡೋಕೆ ಯಾರು ಕೇಬಲ್ ದುಡ್ಡು ಕಟ್ಟುತ್ತಾರೆ ಅಂತ ಸೀನ ಗೊಣಗಿದ. ಹಿರಿಯರು ಫುಟ್‌ಪಾತ್ ದಾಟಿದ ಮೇಲೆ.

"ಅಸಲಿ ಮೋಸ ನೋಡಬೇಕಾದರೆ ಮಾಂಟ್ರಿಯಲ್," ಅಂತ ಕಿಟ್ಟಿ ಮತ್ತೆ ತನ್ನ ಕೇಸಿಗೆ ಬಂದ. 1997ರ ನವೆಂಬರ್. ಬ್ರೆಟ್ ಹಾರ್ಟ್ ಬೇರೆ ಕಂಪನಿಗೆ ಹೊರಟಿದ್ದ. ಹೋಗುವ ಮುಂಚೆ ತನ್ನ ದೇಶ ಕೆನಡಾದಲ್ಲೇ ಶಾನ್ ಮೈಕಲ್ಸ್ ಕೈಲಿ ಸೋಲಲು ಒಪ್ಪಿರಲಿಲ್ಲ. ಮಾಲೀಕ ವಿನ್ಸ್ ಮೆಕ್‌ಮ್ಯಾನ್ ಸರಿ ಅಂದಿದ್ದ. ಶಾನ್ ಇವನ ಕಾಲು ತಿರುಚಿ ಹಿಡಿದ. ಬ್ರೆಟ್ ಸೋತೆ ಅನ್ನಲಿಲ್ಲ. ಆದರೂ ಟಣ್ ಟಣ್ ಅಂತ ಗಂಟೆ! ಬ್ರೆಟ್ ನೇರವಾಗಿ ವಿನ್ಸ್ ಮುಖಕ್ಕೆ ಉಗಿದ. ಎಲ್ಲ ಮೊದಲೇ ಬರೆದಿಟ್ಟ ನಾಟಕದಲ್ಲಿ ಒಬ್ಬನಿಗೆ ಮಾತ್ರ ಸ್ಕ್ರಿಪ್ಟ್ ಕೊಡದೇ ಇದ್ದದ್ದು.

ಇನ್ನೊಂದು ರೌಂಡ್ ಕಾಫಿ ಬೇಕಿತ್ತು. ಕೌಂಟರಿಗೆ ಯಾರು ಹೋಗೋದು? ಕಾರ್ಡಿದೆಯಲ್ಲ, ಒಂದೊಂದು ಎಳೆಯೋಣ, ಸೋತವನು ದುಡ್ಡು ಕೊಡಲಿ ಅಂದ ಸೀನ. ಬೋರಲು ಹಾಕಿ ಕಲೆಸಿದ. ನಾನು ಎಳೆಯುವಾಗ ಕಾರ್ಡಿನ ಹಿಂದೆ ಬೆರಳಿಗೆ ಆ ಗೆರೆ ತಾಗಿತು. ಗಟ್ಟಿಯಾಗಿ ಹಿಡಿದುಕೊಂಡೆ.

"ಗೆದ್ದ ಫೈಟು!" ಅಂತ ಕಾರ್ಡು ಟೇಬಲ್ಲಿಗೆ ಬಡಿದೆ.

ಕಿಟ್ಟಿ ಕನ್ನಡಕ ಮೂಗಿನ ಮೇಲೆ ಇಳಿಸಿದ. "ಈ ಒಂದು ಪ್ರಿಂಟ್ ಆಗಿರೋದಲ್ಲ. ನಡೆಯಲ್ಲ."

"ನೀನೇ ಬರೆದದ್ದು ಕಣೋ!"

"ಅದಕ್ಕೇ ಹೇಳ್ತಿರೋದು, ಸುಳ್ಳು ಅಂತ ನನಗೆ ಗೊತ್ತು."

ನಾನು ಬಾಯಿ ತೆರೆಯುವಷ್ಟರಲ್ಲಿ ಸೀನ ಚಮಚ ಎತ್ತಿಕೊಂಡು ಸ್ಟೀಲ್ ಲೋಟಕ್ಕೆ ಟಣ್ ಟಣ್ ಟಣ್ ಅಂತ ಬಾರಿಸಿದ. ಗುಂಡ ಆಗಲೇ ಆ ಕಡೆ ತಿರುಗಿ ಬೀದಿ ನೋಡುತ್ತಿದ್ದ.

ಜೇಬಿಗೆ ಕೈ ಹಾಕುತ್ತಾ ಕೌಂಟರ್ ಕಡೆ ನಡೆದೆ. ಉಗಿಯೋಣ ಅಂದರೆ ದರ್ಶಿನಿ.